ಸೊರಗಿದ ಕುದುರೆ, ಸೂಕ್ಷ್ಮ ಗೊರಸು: ಅಪಾಯವಿಲ್ಲದೆ ಮೈ ಕೂಡಿಸುವ ಮೇವಿನ ಕ್ರಮ

ಜಟಕಾ ಗಾಡಿಯ ಕುದುರೆಯೊಂದು ಸೊರಗಿದರೆ ಮೈಸೂರಿನಲ್ಲಿ ಯಾರನ್ನು ಕೇಳಿದರೂ ಸಿಗುವ ಸಲಹೆ ಒಂದೇ: ಹುರುಳಿ ಬೇಯಿಸಿ ಹಾಕಿ, ಮೇಲೊಂದಿಷ್ಟು ಬೆಲ್ಲ ಕೊಡಿ, ತಿಂಗಳೊಳಗೆ ಮೈ ತುಂಬಿಕೊಳ್ಳುತ್ತದೆ. ಗೊರಸು ಗಟ್ಟಿಯಾಗಿದ್ದು ದಿನವಿಡೀ ದುಡಿಯುವ ಕುದುರೆಗೆ ಈ ಸಲಹೆ ತಕ್ಕಮಟ್ಟಿಗೆ ಸಲ್ಲುತ್ತದೆ. ಆದರೆ ಒಮ್ಮೆ ಲ್ಯಾಮಿನೈಟಿಸ್ ಎಂಬ ಗೊರಸಿನ ರೋಗ ಬಂದು ಹೋದ ಕುದುರೆಗೆ, ಅಥವಾ ಅದು ಬರುವ ಸಂಭವ ಹೆಚ್ಚಿರುವ ಕುದುರೆಗೆ, ಅದೇ ಹುರುಳಿ ಮತ್ತು ಬೆಲ್ಲ ಮತ್ತೆಂದೂ ನೆಟ್ಟಗೆ ನಿಲ್ಲಲಾಗದ ಸ್ಥಿತಿಯನ್ನು ತರಬಹುದು. ಎಲುಬು ಕಾಣುತ್ತಿರುವ ಪ್ರಾಣಿಗೆ ಒಳ್ಳೆಯದನ್ನೇ ತಿನ್ನಿಸಬೇಕೆಂಬ ಪ್ರೀತಿಯಿಂದಲೇ ಈ ತಪ್ಪು ನಡೆಯುತ್ತದೆ. ಆ ಪ್ರೀತಿಗೆ ಸರಿಯಾದ ದಾರಿ ಯಾವುದೆಂದು ವಿವರವಾಗಿ ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಉದಾಹರಣೆಗಾಗಿ ನಮ್ಮ ಲಾಯಕ್ಕೆ ಬಂದ ಒಂದು ಹೆಣ್ಣು ಕುದುರೆಯನ್ನೇ ಇಟ್ಟುಕೊಳ್ಳುತ್ತೇನೆ. ವಯಸ್ಸು ಹದಿನೇಳರ ಆಸುಪಾಸು, ಗಾಡಿಯಿಂದ ಬಿಡಿಸಿದ ಪ್ರಾಣಿ. ಕರೆತಂದ ಹಿರಿಯರು ಅದರ ಬೆನ್ನು ಸವರುತ್ತಾ, “ದಿನಾ ಎರಡು ಸೇರು ಹುರುಳಿ ಬೇಯಿಸಿ ಹಾಕ್ತಿದೀನಿ ಸ್ವಾಮಿ, ಆದ್ರೂ ಪಕ್ಕೆ ಮುಚ್ಚಲೇ ಇಲ್ಲ” ಎಂದು ನೊಂದುಕೊಂಡರು. ಅವರು ಮಾತನಾಡುತ್ತಿದ್ದಷ್ಟು ಹೊತ್ತೂ ಕುದುರೆ ಮುಂಗಾಲುಗಳನ್ನು ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂದಕ್ಕೆ ಹಾಕಿ, ಒಂದು ಕಾಲನ್ನು ಎತ್ತಿ ಇಡುತ್ತಾ ಮತ್ತೊಂದನ್ನು ಎತ್ತಿ ಇಡುತ್ತಾ ನಿಂತಿತ್ತು. ಪಕ್ಕೆ ಮುಚ್ಚದಿರುವುದಕ್ಕೂ ಆ ನಿಲುವಿಗೂ ಸಂಬಂಧವಿದೆಯೆಂಬುದು ಅವರಿಗೆ ತಿಳಿದಿರಲಿಲ್ಲ.

ಗೊರಸಿನೊಳಗೆ ನಡೆಯುವುದೇನು

ಕುದುರೆಯ ಕಾಲಿನ ಕಟ್ಟಕಡೆಯ ಮೂಳೆ ಗೊರಸಿನ ಚಿಪ್ಪಿನೊಳಗೆ ತೂಗುಹಾಕಿದಂತೆ ನಿಂತಿರುತ್ತದೆ. ಚಿಪ್ಪಿನ ಒಳಮೈಯ ತೆಳುವಾದ ಪದರಗಳೂ ಮೂಳೆಯ ಹೊರಮೈಯ ಪದರಗಳೂ ಪುಸ್ತಕದ ಹಾಳೆಗಳ ಹಾಗೆ ಒಂದರೊಳಗೊಂದು ಸೇರಿಕೊಂಡು ಆ ಮೂಳೆಯನ್ನು ಹಿಡಿದಿಟ್ಟಿರುತ್ತವೆ. ಈ ಹಿಡಿತ ಸಡಿಲವಾಗುವುದೇ ಲ್ಯಾಮಿನೈಟಿಸ್. ಹಿಡಿತ ಪೂರ್ತಿ ತಪ್ಪಿದರೆ ದೇಹದ ಭಾರಕ್ಕೆ ಮೂಳೆ ತಿರುಗಿ ಅಥವಾ ಕುಸಿದು ಅಂಗಾಲಿನ ಕಡೆಗೆ ಒತ್ತುತ್ತದೆ.

ಮೇವಿನಿಂದ ಈ ರೋಗ ಎರಡು ದಾರಿಯಲ್ಲಿ ಬರುತ್ತದೆ. ಕಾಳು ಮಿತಿಮೀರಿದಾಗ ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ಉಳಿದ ಪಿಷ್ಟ ದೊಡ್ಡ ಕರುಳಿಗೆ ಇಳಿದು ಅಲ್ಲಿ ಹುಳಿಯುತ್ತದೆ. ಆಗ ಕರುಳಿನ ಒಳಪದರ ಕೆಟ್ಟು ವಿಷದ ಅಂಶಗಳು ರಕ್ತಕ್ಕೆ ಸೇರುತ್ತವೆ. ಇನ್ನೊಂದು ದಾರಿ ಹೆಚ್ಚು ಸಾಮಾನ್ಯವಾದದ್ದು, ಕಣ್ಣಿಗೆ ಬೀಳದ್ದು: ಕೆಲವು ಕುದುರೆಗಳಲ್ಲಿ ಸ್ವಲ್ಪ ಸಕ್ಕರೆ ಅಥವಾ ಪಿಷ್ಟ ಒಳಗೆ ಹೋದರೂ ರಕ್ತದಲ್ಲಿ ಇನ್ಸುಲಿನ್ ಅಳತೆಮೀರಿ ಏರುತ್ತದೆ, ಹಾಗೆ ಏರಿದ ಇನ್ಸುಲಿನ್ ಒಂದೇ ಸಾಕು ಆ ಪದರಗಳನ್ನು ಹಿಗ್ಗಿಸಿ ಸಡಿಲಗೊಳಿಸುವುದಕ್ಕೆ. ಆದ್ದರಿಂದ ಇಂಥ ಕುದುರೆಗೆ ಮೈ ಕೂಡಿಸಬೇಕಾದರೆ ಬೇಕಾದ ಶಕ್ತಿಯನ್ನು ನಾರಿನಿಂದಲೂ ಜಿಡ್ಡಿನಿಂದಲೂ ಕೊಡಬೇಕು. ಸಕ್ಕರೆ ಮತ್ತು ಪಿಷ್ಟವನ್ನು ಆದಷ್ಟು ದೂರವಿಡಬೇಕು. ಮುಂದೆ ಹೇಳುವುದೆಲ್ಲ ಈ ಒಂದು ತತ್ತ್ವವನ್ನು ಲಾಯದಲ್ಲಿ ಪಾಲಿಸುವ ಬಗೆ.

ಮೇವು ಬದಲಿಸುವ ಮೊದಲು ಕಾರಣ ಹುಡುಕಿ

ಲ್ಯಾಮಿನೈಟಿಸ್‌ಗೆ ಒಳಗಾಗುವ ಕುದುರೆಗಳು ಸಾಮಾನ್ಯವಾಗಿ ದಪ್ಪನೆಯವು. ಸೊರಗಿಯೂ ಇದೆ, ಗೊರಸಿನ ತೊಂದರೆಯೂ ಇದೆ ಎಂದರೆ ಒಳಗೆ ಬೇರೇನೋ ಇದೆಯೆಂದೇ ತಿಳಿಯಬೇಕು. ಹದಿನೈದು ವರ್ಷ ದಾಟಿದ ಕುದುರೆಯಲ್ಲಿ ನನಗೆ ಮೊದಲು ಬರುವ ಅನುಮಾನ ಕುಶಿಂಗ್ ಕಾಯಿಲೆಯದು. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಹದ ತಪ್ಪಿ ಬರುವ ಈ ಕಾಯಿಲೆಯಲ್ಲಿ ಬೆನ್ನಿನ ಮಾಂಸಖಂಡ ಕರಗುತ್ತದೆ, ಹೊಟ್ಟೆ ಜೋತುಬೀಳುತ್ತದೆ, ಬೇಸಿಗೆ ಬಂದರೂ ಉದ್ದ ಕೂದಲು ಉದುರುವುದಿಲ್ಲ, ಗೊರಸು ಪದೇಪದೇ ಕೆಡುತ್ತದೆ. ಪಶುವೈದ್ಯರು ರಕ್ತದಲ್ಲಿ ಎಸಿಟಿಎಚ್ ಹಾರ್ಮೋನಿನ ಮಟ್ಟವನ್ನು ನೋಡಿ ಇದನ್ನು ಗುರುತಿಸುತ್ತಾರೆ, ಪರ್ಗೊಲೈಡ್ ಎಂಬ ಔಷಧದಿಂದ ಹತೋಟಿಯಲ್ಲಿಡುತ್ತಾರೆ. ಕಾಯಿಲೆ ಹತೋಟಿಗೆ ಬಾರದಿದ್ದರೆ ಎಷ್ಟೇ ಮೇವು ಹಾಕಿದರೂ ಮೈ ಕೂಡುವುದು ಕಷ್ಟ. ಅದೇ ಸಲ ಇನ್ಸುಲಿನ್ ಮಟ್ಟವನ್ನೂ ನೋಡಿಸುವುದು ಒಳ್ಳೆಯದು.

ಎರಡನೆಯದು ಹಲ್ಲು. ಮೇಯುವ ಜಾಗದಲ್ಲಿ ಅರ್ಧ ಅಗಿದು ಉಗುಳಿದ ಹುಲ್ಲಿನ ಉಂಡೆಗಳು ಬಿದ್ದಿವೆಯೇ ನೋಡಿ. ಸಗಣಿಯನ್ನು, ಅಂದರೆ ಲದ್ದಿಯನ್ನು, ಒಡೆದು ನೋಡಿದಾಗ ಬೆರಳಿನ ಗೆಣ್ಣಿಗಿಂತ ಉದ್ದದ ಹುಲ್ಲಿನ ಎಳೆಗಳು ಕಂಡರೆ ದವಡೆ ಹಲ್ಲುಗಳು ಸರಿಯಾಗಿ ಅರೆಯುತ್ತಿಲ್ಲ. ನಮ್ಮ ಕುದುರೆಯಲ್ಲಿ ಆದದ್ದು ಇದೇ. ಮೇಲಿನ ದವಡೆ ಹಲ್ಲಿನ ಹೊರ ಅಂಚು ಚೂಪಾಗಿ ಬೆಳೆದು ಕೆನ್ನೆಯ ಒಳಭಾಗವನ್ನು ಕೊಯ್ದಿತ್ತು. ಹಲ್ಲು ಉಜ್ಜಿಸಿದ ವಾರದಲ್ಲೇ ಅದು ಹುಲ್ಲು ತಿನ್ನುವ ವೇಗ ಬದಲಾಯಿತು.

ಮೂರನೆಯದು ಜಂತುಹುಳು. ಲದ್ದಿ ಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದ ಔಷಧವನ್ನೇ ಕೊಡಿ. ಮಾಕ್ಸಿಡೆಕ್ಟಿನ್ ಎಂಬ ಔಷಧ ದೇಹದ ಕೊಬ್ಬಿನಲ್ಲಿ ಸೇರಿಕೊಳ್ಳುವಂಥದ್ದಾದ್ದರಿಂದ ಕೊಬ್ಬೇ ಇಲ್ಲದ ಸೊರಗಿದ ಕುದುರೆಗೆ ಅದು ವಿಷವಾಗುವ ಅಪಾಯವಿದೆ. ಇನ್ನೊಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡುತ್ತೇನೆ: ಶಕ್ತಿ ಬರಲೆಂದು ಯಾರಾದರೂ ಸ್ಟೀರಾಯ್ಡ್ ಚುಚ್ಚುಮದ್ದು ಹಾಕಲು ಮುಂದಾದರೆ, ಈ ಕುದುರೆಗೆ ಲ್ಯಾಮಿನೈಟಿಸ್ ಇತ್ತೆಂಬುದನ್ನು ಮೊದಲು ತಿಳಿಸಿ. ಸ್ಟೀರಾಯ್ಡ್ ಆ ರೋಗವನ್ನು ಕೆರಳಿಸಬಹುದು.

ಗೊರಸಿನ ನೋವೂ ತನ್ನಷ್ಟಕ್ಕೆ ಸೊರಗಿಸುತ್ತದೆ. ನೋವಿರುವ ಪ್ರಾಣಿ ಮೇವಿನ ಬಳಿಗೆ, ನೀರಿನ ಬಳಿಗೆ ನಡೆಯುವುದನ್ನೇ ಕಡಿಮೆ ಮಾಡುತ್ತದೆ. ಲಾಳ ಕಟ್ಟುವವರು ಮತ್ತು ವೈದ್ಯರು ಒಟ್ಟಿಗೆ ಗೊರಸನ್ನು ನೋಡಿ, ಸಾಧ್ಯವಾದರೆ ಎಕ್ಸ್‌ರೇ ತೆಗೆಸಿ, ಅಂಗಾಲಿಗೆ ಆಸರೆ ಕೊಟ್ಟ ಮೇಲೆಯೇ ಮೇವಿನ ಕೆಲಸ ಫಲ ಕೊಡುತ್ತದೆ.

ಅಳತೆ ತೆಗೆಯುವುದು

ತೂಕದ ಯಂತ್ರ ಎಲ್ಲರಿಗೂ ಸಿಗುವುದಿಲ್ಲ, ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನೂ, ಭುಜದ ಮುಂದಿನ ಮೂಳೆಯಿಂದ ಪೃಷ್ಠದ ಹಿಂದಿನ ಮೂಳೆಯವರೆಗೆ ಉದ್ದವನ್ನೂ ಸೆಂಟಿಮೀಟರಿನಲ್ಲಿ ತೆಗೆದುಕೊಳ್ಳಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 11,900ರಿಂದ ಭಾಗಿಸಿದರೆ ಕಿಲೋ ಲೆಕ್ಕದಲ್ಲಿ ತೂಕ ಹೆಚ್ಚುಕಡಿಮೆ ಸಿಗುತ್ತದೆ. ನಮ್ಮ ಕುದುರೆಯ ಸುತ್ತಳತೆ 150, ಉದ್ದ 140 ಇತ್ತು. ತೂಕ ಸುಮಾರು 265 ಕಿಲೋ ಎಂದಾಯಿತು.

ಮೈಕಟ್ಟನ್ನು 1ರಿಂದ 9ರವರೆಗಿನ ಅಂಕದಲ್ಲಿ ಗುರುತಿಸುವ ಪದ್ಧತಿ 1983ರಿಂದ ಬಳಕೆಯಲ್ಲಿದೆ. ಕುತ್ತಿಗೆ, ಹೆಗಲು, ಭುಜದ ಹಿಂಬದಿ, ಪಕ್ಕೆ, ಬೆನ್ನು, ಬಾಲದ ಬುಡ ಈ ಆರು ಕಡೆ ಕಣ್ಣಿನಲ್ಲಿ ನೋಡುವುದರ ಜೊತೆಗೆ ಕೈಯಿಂದ ಒತ್ತಿ ನೋಡಬೇಕು. ಪಕ್ಕೆಲುಬು ಕಣ್ಣಿಗೆ ಕಾಣದೆ ಕೈಗೆ ಸುಲಭವಾಗಿ ಸಿಕ್ಕರೆ ಅದು 5. ಲ್ಯಾಮಿನೈಟಿಸ್ ಭಯವಿರುವ ಕುದುರೆಗೆ ನಾನು ಅದಕ್ಕಿಂತ ಮೇಲೆ ಹೋಗಲು ಬಿಡುವುದಿಲ್ಲ. ಹೊಟ್ಟೆಯ ಗಾತ್ರವನ್ನು ನಂಬಬೇಡಿ. ಪಕ್ಕೆ ಕಾಣುತ್ತಿದ್ದರೂ ಕುತ್ತಿಗೆಯ ಮೇಲಂಚು ಗಟ್ಟಿಯಾಗಿ ಉಬ್ಬಿದ್ದರೆ ಇನ್ಸುಲಿನ್ ತೊಂದರೆಯ ಅನುಮಾನವನ್ನು ಬಲಪಡಿಸಿಕೊಳ್ಳಿ.

ಅಂಕ 1 ಅಥವಾ 2ರ ಮಟ್ಟಕ್ಕೆ ಇಳಿದ, ವಾರಗಟ್ಟಲೆ ಹಸಿದ ಕುದುರೆಯ ವಿಷಯವೇ ಬೇರೆ. ಅದಕ್ಕೆ ಇದ್ದಕ್ಕಿದ್ದಂತೆ ಹೊಟ್ಟೆತುಂಬ ಕಾಳು ಹಾಕಿದರೆ ಇನ್ಸುಲಿನ್ ಏರಿ ರಕ್ತದ ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂಗಳು ಜೀವಕೋಶಗಳೊಳಗೆ ಸೇರಿಹೋಗಿ ಮೂರರಿಂದ ಐದು ದಿನಗಳಲ್ಲಿ ಪ್ರಾಣವೇ ಹೋಗಬಹುದು. ಅಂಥ ಪ್ರಾಣಿಗೆ ವೈದ್ಯರ ಕಣ್ಣಳತೆಯಲ್ಲಿ, ಒಣಗಿಸಿದ ಕುದುರೆ ಮಸಾಲೆ ಸೊಪ್ಪನ್ನು (ಲೂಸರ್ನ್ ಎಂಬ ಮೇವಿನ ಬೆಳೆ) ಅರ್ಧ ಕಿಲೋದಂತೆ ನಾಲ್ಕು ಗಂಟೆಗೊಮ್ಮೆ ಕೊಡುತ್ತಾ, ಹತ್ತು ದಿನಗಳಲ್ಲಿ ನಿಧಾನವಾಗಿ ಏರಿಸಿಕೊಂಡು ಹೋಗುವುದು ಸುರಕ್ಷಿತ.

ಹುಲ್ಲಿನ ಆಯ್ಕೆ

ಎಲ್ಲಕ್ಕೂ ಬುನಾದಿ ಹುಲ್ಲು. ದೇಹದ ತೂಕದ ನೂರಕ್ಕೆ ಎರಡು ಪಾಲಿನಷ್ಟು ಒಣ ಲೆಕ್ಕದ ಮೇವು ದಿನಕ್ಕೆ ಸಿಗಬೇಕು, ಅದರಲ್ಲಿ ಸಕ್ಕರೆ ಮತ್ತು ಪಿಷ್ಟ ಸೇರಿ ನೂರಕ್ಕೆ ಹತ್ತರಿಂದ ಹನ್ನೆರಡನ್ನು ಮೀರಬಾರದು. ನಮ್ಮ ಭಾಗದಲ್ಲಿ ಇದಕ್ಕೆ ಹೇಳಿಮಾಡಿಸಿದ್ದು ಗರಿಕೆ. ಗಣಪತಿಗೆ ಏರಿಸುವ ಅದೇ ಗರಿಕೆ ವಿಶ್ವೇಶ್ವರಯ್ಯ ನಾಲೆಯ ಏರಿಗಳಲ್ಲಿ, ಗದ್ದೆ ಬದುಗಳಲ್ಲಿ ಹೇರಳವಾಗಿ ಬೆಳೆಯುತ್ತದೆ. ಕುದುರೆಗೆ ರುಚಿಸುತ್ತದೆ, ಸಾಮಾನ್ಯವಾಗಿ ಸಕ್ಕರೆಯೂ ಕಡಿಮೆ. ಹುಲ್ಲಿನಲ್ಲಿ ಸಕ್ಕರೆ ಬಿಸಿಲೇರಿದಂತೆ ಕೂಡಿಕೊಳ್ಳುವುದರಿಂದ ಬೆಳಗ್ಗೆ ಬೇಗ ಕೊಯ್ಯಿಸಿ. ಕಳೆನಾಶಕ ಹೊಡೆದ ಬದುವಿನ ಹುಲ್ಲನ್ನು ಮುಟ್ಟಬೇಡಿ. ಹಸಿ ಗರಿಕೆಯಲ್ಲಿ ನೀರೇ ಹೆಚ್ಚಿರುವುದರಿಂದ ಒಂದು ಕಿಲೋ ಒಣ ಹುಲ್ಲಿನ ಜಾಗಕ್ಕೆ ಮೂರು ಕಿಲೋಗೂ ಹೆಚ್ಚು ಹಸಿ ಹುಲ್ಲು ಬೇಕೆಂಬುದನ್ನು ಮರೆಯಬಾರದು.

ಒಣ ಹುಲ್ಲಿನ ಸಕ್ಕರೆಯನ್ನು ಇನ್ನಷ್ಟು ತಗ್ಗಿಸಲು ಅದನ್ನು ಬಲೆ ಚೀಲದಲ್ಲಿ ತುಂಬಿ, ತೊಟ್ಟಿಯ ತಣ್ಣೀರಿನಲ್ಲಿ ಒಂದು ಗಂಟೆ ಪೂರ್ತಿ ಮುಳುಗಿಸಿಡಿ. ಬಿಸಿ ನೀರಾದರೆ ಅರ್ಧ ಗಂಟೆ ಸಾಕು. ಎತ್ತಿದಾಗ ನೀರು ತಿಳಿ ಚಹಾದ ಬಣ್ಣಕ್ಕೆ ತಿರುಗಿರುತ್ತದೆ. ಸಕ್ಕರೆ ಇಳಿದಿರುವುದು ಆ ನೀರಿಗೇ, ಅದನ್ನು ಕುದುರೆ ಕುಡಿಯದಂತೆ ಚೆಲ್ಲಿಬಿಡಿ. ನಮ್ಮ ಬೇಸಿಗೆಯಲ್ಲಿ ನೆನೆದ ಹುಲ್ಲು ಬೇಗ ಹುಳಿವಾಸನೆ ಬರುತ್ತದಾದ್ದರಿಂದ ರಾತ್ರಿಯಿಡೀ ನೆನೆಸಿಡದೆ, ಹೊತ್ತು ಹೊತ್ತಿಗೆ ಬೇಕಾದಷ್ಟನ್ನೇ ನೆನೆಸಿ.

ಇನ್ನು ಬಿಡಬೇಕಾದವು. ಮಂಡ್ಯದ ಕಡೆ ಕಬ್ಬು ಕಡಿಯುವ ಕಾಲದಲ್ಲಿ ಸೋಗೆ ಕಾಸಿಲ್ಲದೆ ಸಿಗುತ್ತದೆ, ದನಗಳು ಅದನ್ನು ತಿಂದು ಚೆನ್ನಾಗಿಯೇ ಇರುತ್ತವೆ. ಈ ಕುದುರೆಗೆ ಸೋಗೆಯೂ ಬೇಡ, ಆಲೆಮನೆಯ ಬೆಲ್ಲವೂ ಬೇಡ, ಕಾಕಂಬಿ ಬೆರೆಸಿದ ಯಾವ ಆಹಾರವೂ ಬೇಡ. ತೆನೆಕಟ್ಟಿದ ಮುಸುಕಿನ ಜೋಳದ ಹಸಿ ಕಡ್ಡಿಯಲ್ಲೂ ಸಕ್ಕರೆ, ಪಿಷ್ಟ ಎರಡೂ ಇವೆ. ನೇಪಿಯರ್ ಹುಲ್ಲಿನಲ್ಲಿ ಆಕ್ಸಲೇಟ್ ಇದ್ದು ಅದು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದನ್ನೇ ಮುಖ್ಯ ಮೇವಾಗಿ ತಿಂಗಳುಗಟ್ಟಲೆ ಹಾಕಿದರೆ ಕುದುರೆಯ ಮೂಳೆ ಸವೆಯುತ್ತದೆ. ಭತ್ತದ ಹುಲ್ಲಿನಲ್ಲಿ ಸಾರ ಕಡಿಮೆ, ಹಲ್ಲಿಲ್ಲದ ಮುದಿ ಕುದುರೆಯ ಕರುಳಿನಲ್ಲಿ ಅದು ಗಟ್ಟಿಕಟ್ಟಿಕೊಳ್ಳಬಹುದು. ಹಾಸಿಗೆಗೆ ಬಳಸಿದರೂ ತಿನ್ನುತ್ತದೆಯೇ ಎಂದು ಗಮನಿಸಿ.

ಹುರುಳಿಯ ಬಗ್ಗೆ

ಹುರುಳಿಯನ್ನು ನಾನು ತೆಗಳುತ್ತಿಲ್ಲ. ಅದರಲ್ಲಿ ಐದರಲ್ಲೊಂದು ಪಾಲಿಗೂ ಹೆಚ್ಚು ಪ್ರೋಟೀನ್ ಇದೆ. ಆದರೆ ಅರ್ಧಕ್ಕೂ ಹೆಚ್ಚು ಪಾಲು ಶರ್ಕರಪಿಷ್ಟ, ಬೇಯಿಸಿದಾಗ ಅದರ ಪಿಷ್ಟ ಇನ್ನೂ ಬೇಗ ಜೀರ್ಣವಾಗಿ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಇನ್ಸುಲಿನ್ ತೊಂದರೆಯಿರುವ ಕುದುರೆಗೆ ಒಂದು ಹೊತ್ತಿನ ತಿಂಡಿಯಲ್ಲಿ ಸಕ್ಕರೆ ಮತ್ತು ಪಿಷ್ಟ ಸೇರಿ ದೇಹದ ತೂಕದ ಕಿಲೋಗೆ 0.1 ಗ್ರಾಂ ಮೀರದಿರುವುದು ಲೇಸು. 265 ಕಿಲೋ ಕುದುರೆಗೆ ಅದು ಬರೀ 26 ಗ್ರಾಂ. ಒಂದು ಸೇರು ಹುರುಳಿಯಲ್ಲಿರುವುದು ಅದರ ಹತ್ತು ಪಟ್ಟನ್ನೂ ಮೀರುತ್ತದೆ. ಎರಡು ಸೇರು ಹಾಕುತ್ತಿದ್ದ ಹಿರಿಯರಿಗೆ ಈ ಲೆಕ್ಕವನ್ನು ನೆಲದ ಮೇಲೆ ಕಾಳು ಸುರಿದು, ಒಂದು ಹಿಡಿಯನ್ನು ಬೇರೆ ಮಾಡಿ ತೋರಿಸಿದೆ. ಅವರು ಬಹಳ ಹೊತ್ತು ಆ ಒಂದು ಹಿಡಿಯನ್ನೇ ನೋಡುತ್ತಾ ಕುಳಿತಿದ್ದರು.

ಗೋಧಿ ಬೂಸಾ ಕೂಡ ತೋರುವಷ್ಟು ಹಗುರವಾದ ಮೇವಲ್ಲ. ಅದರಲ್ಲಿ ಪಿಷ್ಟವಿದೆ, ರಂಜಕ ವಿಪರೀತವಾಗಿದ್ದು ಕ್ಯಾಲ್ಸಿಯಂ ತೀರ ಕಡಿಮೆ. ಅಕ್ಕಿ ಗಿರಣಿಯ ತೌಡಿಗೂ ಇದೇ ದೋಷವಿದೆ. ಜಿಡ್ಡು ಹೆಚ್ಚಿದ್ದರೂ ಬೇಗ ಕಮಟುತ್ತದೆ. ಎರಡನ್ನೂ ಈ ಕುದುರೆಯ ದಿನನಿತ್ಯದ ಮೇವಾಗಿ ನಾನು ಬಳಸುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ: ಹಸುಗಳಿಗೆ ಅಥವಾ ಕೋಳಿಗಳಿಗೆಂದು ತಯಾರಾದ ಮೂಟೆ ಆಹಾರವನ್ನು ಕುದುರೆಗೆ ಹಾಕಲೇಬೇಡಿ. ಅವುಗಳಲ್ಲಿ ಮೊನೆನ್ಸಿನ್‌ನಂಥ ಔಷಧ ಬೆರೆಸಿರಬಹುದು. ದನ ಮತ್ತು ಕೋಳಿ ತಾಳಿಕೊಳ್ಳುವ ಆ ಔಷಧ ಕುದುರೆಯ ಹೃದಯವನ್ನು ಹಾಳುಮಾಡಿ ಕೊಲ್ಲುತ್ತದೆ.

ಶಕ್ತಿ ಎಲ್ಲಿಂದ ತರುವುದು

265 ಕಿಲೋ ಕುದುರೆ ಇದ್ದಂತೆ ಇರಲು ದಿನಕ್ಕೆ ಸುಮಾರು 8.8 ಮೆಗಾಕ್ಯಾಲೊರಿ (ಒಂದು ಮೆಗಾಕ್ಯಾಲೊರಿ ಎಂದರೆ ಸಾವಿರ ಕಿಲೋಕ್ಯಾಲೊರಿ) ಬೇಕು. ಒಂದು ಕಿಲೋ ತೂಕ ಕೂಡಲು ಹದಿನಾರರಿಂದ ಇಪ್ಪತ್ನಾಲ್ಕು ಮೆಗಾಕ್ಯಾಲೊರಿ ಹೆಚ್ಚಿಗೆ ಬೇಕಾಗುತ್ತದೆ. ಮೂರು ತಿಂಗಳಲ್ಲಿ ಹದಿನೈದು ಕಿಲೋ ಕೂಡಿಸುವ ಗುರಿ ಇಟ್ಟುಕೊಂಡರೆ ದಿನಕ್ಕೆ ಮೂರೂಕಾಲರಷ್ಟು ಹೆಚ್ಚು ಸಾಕು. ಇದಕ್ಕಿಂತ ಅವಸರ ಮಾಡುವುದನ್ನು ನಾನು ಒಪ್ಪುವುದಿಲ್ಲ.

ಈ ಹೆಚ್ಚಿನ ಪಾಲಿಗೆ ಮೊದಲ ಆಸರೆ ಕುದುರೆ ಮಸಾಲೆ ಸೊಪ್ಪು. ಪ್ರೋಟೀನ್, ಕ್ಯಾಲ್ಸಿಯಂ ಎರಡೂ ಧಾರಾಳ, ಪಿಷ್ಟ ಕಡಿಮೆ. ಒಣಗಿಸಿದ್ದು ದಿನಕ್ಕೆ ಒಂದು ಕಿಲೋ, ಹಸಿಯದಾದರೆ ನಾಲ್ಕೈದು ಕಿಲೋ. ಕೆಲವು ಕುದುರೆಗಳ ಗೊರಸಿಗೆ ಇದು ಒಗ್ಗುವುದಿಲ್ಲವಾದ್ದರಿಂದ ಪಾವು ಕಿಲೋದಿಂದ ಶುರುಮಾಡಿ ಗೊರಸಿನ ನಾಡಿ ನೋಡುತ್ತಾ ಏರಿಸಿ.

ಎರಡನೆಯ ಆಸರೆ ಕೊಬ್ಬರಿ ಹಿಂಡಿ. ತಿಪಟೂರು, ಅರಸೀಕೆರೆ ಕಡೆಯ ಗಾಣಗಳಿಂದ ಬರುವ ಈ ಹಿಂಡಿಯಲ್ಲಿ ನಾರು, ಪ್ರೋಟೀನ್, ಅಷ್ಟಿಷ್ಟು ಉಳಿದ ಎಣ್ಣೆ ಇದ್ದು ಪಿಷ್ಟ ಬಹಳ ಕಡಿಮೆ. ಕಮಟು ವಾಸನೆ ಅಥವಾ ಬೂಷ್ಟಿನ ಗುರುತಿದ್ದರೆ ಎಷ್ಟೇ ಅಗ್ಗವಾದರೂ ತರಬೇಡಿ. ಮುಳುಗುವಷ್ಟು ನೀರಿನಲ್ಲಿ ನೆನೆಸಿ, ಉಬ್ಬಿ ಮೆತ್ತಗಾದ ಮೇಲೆ ಕೊಡಿ. ಹಲ್ಲು ಕೆಟ್ಟ ಕುದುರೆಯೂ ಅದನ್ನು ಸಲೀಸಾಗಿ ತಿನ್ನುತ್ತದೆ. ದಿನಕ್ಕೆ ಅರ್ಧ ಕಿಲೋ ಸಾಕು. ಕೊಬ್ಬರಿ ಹಿಂಡಿಯ ಪ್ರೋಟೀನ್‌ನಲ್ಲಿ ಮಾಂಸ ಕಟ್ಟಲು ಬೇಕಾದ ಲೈಸಿನ್ ಎಂಬ ಅಂಶ ಕಡಿಮೆಯಿರುವುದರಿಂದ, ಕರಗಿಹೋದ ಬೆನ್ನಿನ ಮಾಂಸ ಮರಳಿ ಕಟ್ಟಲು ಇನ್ನೂರು ಗ್ರಾಂ ಸೋಯಾ ಹಿಂಡಿಯನ್ನು ಅದಕ್ಕೆ ಬೆರೆಸುತ್ತೇನೆ.

ಮೂರನೆಯದು ಎಣ್ಣೆ. ಸೋಯಾ ಅಥವಾ ಸೂರ್ಯಕಾಂತಿ ಎಣ್ಣೆ 100 ಮಿ.ಲೀ.ಗೆ ಸುಮಾರು 0.8 ಮೆಗಾಕ್ಯಾಲೊರಿ ಕೊಡುತ್ತದೆ, ಅದರಲ್ಲಿ ಸಕ್ಕರೆಯ ಸೋಂಕೇ ಇಲ್ಲ. ಮೊದಲ ದಿನಗಳಲ್ಲಿ ಎರಡು ಚಮಚ ಹಾಕಿ, ಎರಡು ಮೂರು ವಾರಗಳಲ್ಲಿ 100 ಮಿ.ಲೀ.ಗೆ ತನ್ನಿ. ಲದ್ದಿ ತೆಳುವಾದರೆ ಅಥವಾ ಜಿಡ್ಡಾಗಿ ಹೊಳೆದರೆ ಹಿಂದಿನ ಅಳತೆಗೆ ಇಳಿಸಿ. ಎಣ್ಣೆ ಕೊಡುವಾಗ ವಿಟಮಿನ್ ಇ ಹೆಚ್ಚು ಬೇಕಾಗುತ್ತದೆ, 100 ಮಿ.ಲೀ.ಗೆ 100 ಯೂನಿಟ್‌ನಂತೆ ಸೇರಿಸುವುದು ವಾಡಿಕೆ. ನೆನೆಸಿದ ಹುಲ್ಲು ಖನಿಜಗಳನ್ನೂ ಕಳೆದುಕೊಂಡಿರುವುದರಿಂದ ವೈದ್ಯರು ಸೂಚಿಸಿದ ಖನಿಜ ಮಿಶ್ರಣ ಮತ್ತು ಹದಿನೈದು ಗ್ರಾಂನಷ್ಟು ಅಡುಗೆ ಉಪ್ಪು ದಿನಾ ಇರಲಿ.

ನಾಲ್ಕೂವರೆ ಕಿಲೋ ನೆನೆಸಿದ ಒಣ ಗರಿಕೆಯ ಜೊತೆ ಇವೆಲ್ಲ ಸೇರಿದರೆ ಹನ್ನೆರಡು ಮೆಗಾಕ್ಯಾಲೊರಿ ದಾಟುತ್ತದೆ. ಹಿಂಡಿಯ ಮಿಶ್ರಣವನ್ನು ನಾಲ್ಕು ಹೊತ್ತಿಗೆ ಹಂಚಿ, ಹುಲ್ಲನ್ನು ಆದಷ್ಟು ಹೆಚ್ಚು ಸಲ ಹಾಕಿ. ರಾತ್ರಿಯ ಪಾಲು ದೊಡ್ಡದಿರಲಿ. ಐದಾರು ಗಂಟೆ ಬರಿ ಹೊಟ್ಟೆಯಲ್ಲಿ ನಿಂತರೆ ಕುದುರೆಯ ಜಠರದಲ್ಲಿ ಹುಣ್ಣಾಗುವ ಸಂಭವ ಹೆಚ್ಚುತ್ತದೆ. ಯಾವ ಹೊಸ ಮೇವನ್ನೂ ಹತ್ತರಿಂದ ಹದಿನಾಲ್ಕು ದಿನಗಳಲ್ಲಿ ಹಂತಹಂತವಾಗಿ ಸೇರಿಸಿ, ಒಂದು ಒಗ್ಗಿದ ಮೇಲೆ ಮತ್ತೊಂದನ್ನು ಶುರುಮಾಡಿ. ಎರಡನ್ನೂ ಒಟ್ಟಿಗೆ ಶುರುಮಾಡಿದರೆ ತೊಂದರೆ ಬಂದಾಗ ಯಾವುದರಿಂದ ಬಂತೆಂದು ತಿಳಿಯುವುದಿಲ್ಲ.

ದಿನಾ ನೋಡಬೇಕಾದದ್ದು

ಬೆಳಗ್ಗೆ ಮತ್ತು ಸಂಜೆ, ಗೊರಸಿನ ಮೇಲಿನ ಗಿಣ್ಣಿನ ಹಿಂಭಾಗದಲ್ಲಿ ಎರಡೂ ಪಕ್ಕಕ್ಕೆ ಬೆರಳಿಟ್ಟು ನಾಡಿ ನೋಡಿ. ಆರೋಗ್ಯವಾಗಿದ್ದಾಗ ಅದು ಹುಡುಕಿದರೂ ಸಿಕ್ಕೀತೋ ಇಲ್ಲವೋ ಎಂಬಷ್ಟು ಮೆಲ್ಲಗಿರುತ್ತದೆ. ಲ್ಯಾಮಿನೈಟಿಸ್ ಹತ್ತಿರವಾದಾಗ ಬೆರಳಿಗೆ ಬಡಿಯುತ್ತದೆ. ಗೊರಸು ಗಂಟೆಗಟ್ಟಲೆ ಬಿಸಿಯಾಗಿಯೇ ಇರುವುದು, ತಿರುಗುವಾಗ ಹಿಂಜರಿಯುವುದು, ಕಾಲು ಬದಲಿಸುತ್ತಾ ನಿಲ್ಲುವುದು ಇವೂ ಲಕ್ಷಣಗಳೇ. ಇವು ಕಂಡ ಕೂಡಲೇ ಹಿಂಡಿ ಮತ್ತು ಎಣ್ಣೆ ನಿಲ್ಲಿಸಿ, ನೆನೆಸಿದ ಹುಲ್ಲನ್ನು ಮಾತ್ರ ಮುಂದುವರಿಸಿ, ದಪ್ಪನೆಯ ಮೆತ್ತನೆ ನೆಲದ ಮೇಲೆ ನಿಲ್ಲಿಸಿ, ಗೊರಸುಗಳನ್ನು ಐಸ್ ನೀರಿನಲ್ಲಿ ಇಡುತ್ತಾ ವೈದ್ಯರನ್ನು ಕರೆಸಿ. ನಡೆಸಿದರೆ ಸರಿಹೋಗುತ್ತದೆಂದು ಯಾರು ಹೇಳಿದರೂ ನಡೆಸಬೇಡಿ. ಪೂರ್ತಿ ಉಪವಾಸವನ್ನೂ ಹಾಕಬೇಡಿ.

ವಾರಕ್ಕೊಮ್ಮೆ ಒಂದೇ ದಿನ, ಒಂದೇ ಹೊತ್ತಿನಲ್ಲಿ ಟೇಪು ಹಿಡಿದು ಸುತ್ತಳತೆಯನ್ನು ಬರೆದಿಡಿ, ಪಕ್ಕದಿಂದ ಒಂದು ಫೋಟೋ ತೆಗೆಯಿರಿ. ನಮ್ಮ ಕುದುರೆಯ ಪುಸ್ತಕದಲ್ಲಿ ಮೊದಲ ಮೂರು ವಾರ ಅಂಕಿ ಕದಲಲೇ ಇಲ್ಲ. ಆರನೆಯ ವಾರಕ್ಕೆ ಸುತ್ತಳತೆ 152 ಆಯಿತು, ಬೆನ್ನುಮೂಳೆಯ ಇಕ್ಕೆಲದ ತಗ್ಗು ಸ್ವಲ್ಪ ತುಂಬಿತು. ನಾಲ್ಕು ವಾರವಾದರೂ ಏನೂ ಬದಲಾಗದಿದ್ದರೆ ಮೇವು ಹೆಚ್ಚಿಸುವ ಮೊದಲು ಮತ್ತೆ ವೈದ್ಯರ ಬಳಿ ಹೋಗಿ, ಬಿಟ್ಟುಹೋದ ಕಾರಣವನ್ನು ಹುಡುಕಿಸಿ.

ಪಕ್ಕೆಲುಬುಗಳು ಕಣ್ಣಿಗೆ ಮರೆಯಾಗಿ ಕೈಗೆ ಮಾತ್ರ ಸಿಗುವ ಹಂತ ಬಂದಾಗ ಎಣ್ಣೆಯನ್ನು ವಾರಕ್ಕೆ ಇಪ್ಪತ್ತೈದು ಮಿ.ಲೀ.ನಂತೆ ಇಳಿಸುತ್ತಾ ಬನ್ನಿ. ಆಮೇಲೆ ಕೊಬ್ಬರಿ ಹಿಂಡಿಯನ್ನು ಅರ್ಧಕ್ಕೆ ತನ್ನಿ. ನೆನೆಸಿದ ಗರಿಕೆ, ಖನಿಜ ಮಿಶ್ರಣ, ಉಪ್ಪು ಮತ್ತು ಎರಡು ಹೊತ್ತಿನ ನಾಡಿ ಪರೀಕ್ಷೆ ಮಾತ್ರ ಆ ಕುದುರೆ ಇರುವವರೆಗೂ ನಡೆಯಬೇಕು.